ಹೊತ್ತಲ್ಲದ ಹೊತ್ತಿನ ಸಂಗು

ಜೋಲಾರಪೇಟೆ

ಪರದೇಶ ಎಲ್ಲಿಂದ ಶುರುವಾಗುತ್ತದೆ ಎನ್ನುವುದಕ್ಕೆ ನನ್ನದೇ ಒಂದು ಅಳತೆಯಿದೆ. ಕಿಟಕಿಯಾಚೆ ಓಡುವ ಅಂಗಡಿಯ ಬೋರ್ಡು ಓದಲು ಬಾರದೆ ಹೋಯಿತೋ, ಅಲ್ಲಿಂದ. ಪಾಸ್‌ಪೋರ್ಟು, ವಿಮಾನ ಇವೆಲ್ಲ ಆಮೇಲಿನ ಅಲಂಕಾರ. ಹಾಗಾಗಿ ತುಮಕೂರಿನ ನನಗೆ ಜೋಲಾರಪೇಟೆಯ ಆಚೆ ಇರುವುದೆಲ್ಲ ಪರದೇಶವೇ. ಅಲ್ಲಿ ನಾನು ಮತ್ತೆ ಒಂದನೇ ಇಯತ್ತೆಗೂ ಸೇರದ ಹುಡುಗಿ. ದುಂಡು ದುಂಡು ಅಕ್ಷರಗಳನ್ನು ನೋಡಿ ನಮ್ಮವೇ ಇರಬೇಕೆಂದು ನಾಲಿಗೆ ಮುಂದಾಗುತ್ತದೆ, ಗಂಟಲು ಹಿಂದೆ ಸರಿಯುತ್ತದೆ.

ರೈಲಿನಲ್ಲಿ ಎದುರಿನ ಸೀಟಿನ ಹೆಂಗಸು ಡಬ್ಬಿ ತೆರೆದು, ನನ್ನನ್ನು ಒಂದು ಮಾತೂ ಕೇಳದೆ, ಮುಚ್ಚಳದಲ್ಲಿ ಎರಡು ಇಡ್ಲಿ ಹಾಕಿ ಕೈಗೆ ಕೊಟ್ಟರು. "ಸಾಪ್ಪಿಡುಂಗ." ತಿನ್ನಿ ಎನ್ನುವ ಆಜ್ಞೆ. ನಮ್ಮ ಕಡೆ "ಊಟ ಆಯ್ತಾ?" ಎಂದು ಕೇಳುವವರು ಉತ್ತರಕ್ಕೆ ಕಾಯುವುದಿಲ್ಲ, ಕೇಳುತ್ತಲೇ ಹೆಜ್ಜೆ ಮುಂದೆ ಹಾಕಿರುತ್ತಾರೆ. ಈಕೆ ನಾನು ನುಂಗುವವರೆಗೂ ನೋಡುತ್ತಿದ್ದರು. ನುಂಗಿದೆ. ಚಟ್ನಿಯಿಲ್ಲದ ಇಡ್ಲಿ ಗಂಟಲಲ್ಲಿ ನಿಂತು ಕಣ್ಣಲ್ಲಿ ನೀರು ಬಂತು. ಆಕೆ ಅದನ್ನು ಕೃತಜ್ಞತೆ ಎಂದು ತಿಳಿದು ಇನ್ನೊಂದು ಹಾಕಿದರು.

ನಾನು ಹೊರಟಿದ್ದು ಊರು ನೋಡಲಲ್ಲ. ಅಪ್ಪನ ಅಕ್ಕ ರತ್ನತ್ತೆ ಮದುವೆಯಾಗಿ ಮದ್ರಾಸಿಗೆ ಹೋದವಳು ವಾಪಸು ಬರಲೇ ಇಲ್ಲ. ಅವಳ ಗಂಡ ಶಿವಣ್ಣ ಮಾವ ಉತ್ತರ ಮದ್ರಾಸಿನ ಒಂದು ಎರಕದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಲ್ಲೇ ಸತ್ತರು. ಮಗಳು ವನಜ ಆಗಿನ್ನೂ ತೊಟ್ಟಿಲಲ್ಲಿದ್ದಳು. ಅತ್ತೆ ಕಾರ್ಖಾನೆಯ ಗೇಟಿನ ಎದುರಿನ ಬೀದಿಯಲ್ಲೇ ಉಳಿದು ಮಗಳನ್ನು ಬೆಳೆಸಿದಳು. ಕಾರ್ಖಾನೆ ಮುಚ್ಚಿತು, ಪಾಳುಬಿತ್ತು, ಅದರ ಗೋಡೆಯಲ್ಲಿ ಅರಳಿ ಸಸಿ ಬೇರುಬಿಟ್ಟಿತು. ಈಗ ಅದನ್ನು ವಿಜ್ಞಾನ ಸಂಗ್ರಹಾಲಯ ಮಾಡಿದ್ದಾರೆ, ಮಕ್ಕಳು ಎಲ್ಲವನ್ನೂ ಮುಟ್ಟಿ, ತಿರುಗಿಸಿ, ಎಳೆದು ಕಲಿಯುವಂಥದ್ದು.

ವನಜ ಫೋನು ಮಾಡಿದ್ದಳು. "ಉಮಕ್ಕಾ, ನೀ ಬಾ. ಮ್ಯೂಸಿಯಂನಲ್ಲಿ ಹಳೇ ಸಂಗು ಊದ್ತಾರೆ. ಅಮ್ಮ ಪ್ರತಿ ತಡವೆ ಎದ್ದು ಗೇಟಿಗೆ ಓಡ್ತಾಳೆ. ರೋಡು ದಾಟುವಾಗ ಲಾರಿಗೆ ಸಿಕ್ಕಿದ್ರೆ? ನಾನು ಊರಿನ ಆ ತುದೀಲಿ, ತಾಂಬರದಲ್ಲಿ, ಮನೆ ಪಾರ್ತ್ತು, ನೋಡಿ ಇಟ್ಟಿದೀನಿ. ಅಮ್ಮ ಬರಲ್ಲ ಅಂತಾಳೆ. ಒಂದೋ ನೀ ಅವಳಿಗೆ ಹೇಳು, ಇಲ್ಲಾ ಅವರಿಗೆ ಹೇಳು. ನೀ ಬರೆಯೋಳು, ನಿಂಗೆ ಮಾತು ಬರುತ್ತೆ."

ಸಂಗು ಅಂದರೆ ಶಂಖ, ಅಲ್ಲಿಯವರ ಬಾಯಲ್ಲಿ ಕಾರ್ಖಾನೆಯ ಸೈರನ್ನಿಗೂ ಅದೇ ಹೆಸರು. ಮಾತು ಬರುತ್ತದೆ ಎಂಬ ಹೊಗಳಿಕೆಗೆ ಉಬ್ಬಿ ನಾನು ರೈಲು ಹತ್ತಿದ್ದೆ.

ಗೇಟಿನ ಎದುರಿನ ಬೀದಿ

ಸಂಗಿಗೆ ಒಂದು ಭಾಷೆಯಿತ್ತು. ನನಗೆ ಅಪ್ಪ ಹೇಳಿದ್ದರು. ಪಾಳಿ ಶುರುವಾಗುವಾಗ, ಪಾಳಿ ಮುಗಿಯುವಾಗ ಅದು ಊದುತ್ತಿತ್ತು. ಬೀದಿಯ ಒಲೆ ಹೊತ್ತುವುದು, ಮಕ್ಕಳಿಗೆ ತಲೆ ಬಾಚುವುದು, ನಲ್ಲಿಗೆ ಕೊಡ ಇಡುವುದು ಎಲ್ಲ ಅದರ ಲೆಕ್ಕದಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಊದಿದರೆ ಮಾತ್ರ ಅದಕ್ಕೆ ಒಂದೇ ಅರ್ಥ: ಒಳಗೆ ಯಾರಿಗೋ ಏನೋ ಆಗಿದೆ. ಕೂಡಲೇ ಒಳಗಿನವರೆಲ್ಲ ಕೈಯಲ್ಲಿದ್ದುದನ್ನು ಕೆಳಗಿಡಬೇಕು. ಹೊರಗೆ ಬೀದಿಯ ಹೆಂಗಸರೆಲ್ಲ ಇದ್ದ ಹಾಗೆಯೇ ಬಂದು ಗೇಟಿನ ಮುಂದೆ ನಿಲ್ಲಬೇಕು. ಹೆಸರು ಗೊತ್ತಾಗುವವರೆಗೆ ಯಾರೂ ಮಾತಾಡುವಂತಿಲ್ಲ, ಅಳುವಂತಿಲ್ಲ. ಗೊತ್ತಾದ ಮೇಲೆ ಯಾರೂ ಆ ಒಬ್ಬಳನ್ನು ಬಿಟ್ಟು ಮನೆಗೆ ಹೋಗುವಂತಿಲ್ಲ.

ಶಿವಣ್ಣ ಮಾವ ಸತ್ತ ದಿನದ ಕಥೆ ನಮ್ಮ ಮನೆಯಲ್ಲಿ ಹೀಗಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಸಂಗು ಊದಿತು. ರೊಟ್ಟಿ ತಟ್ಟುತ್ತಿದ್ದ ರತ್ನತ್ತೆ ಹಿಟ್ಟಿನ ಕೈಯಲ್ಲೇ ಓಡಿದಳು. ಗೇಟಿನ ಕಬ್ಬಿಣದ ಸರಳಿನ ಮೇಲೆ ಅವಳ ಹಿಟ್ಟಿನ ಬೆರಳುಗಳ ಗುರುತು ಎಷ್ಟೋ ದಿನ ಇತ್ತು. ಅಪ್ಪ ಇದನ್ನು ಹೇಳುವಾಗ ತಮ್ಮ ಬೆರಳುಗಳನ್ನು ಗಾಳಿಯಲ್ಲಿ ಅಗಲಿಸಿ ಹಿಡಿಯುತ್ತಿದ್ದರು. ನಾನು ಆ ಗುರುತನ್ನು ಕಣ್ಣಾರೆ ಕಂಡಿದ್ದೇನೆ ಎಂದು ಆಣೆ ಮಾಡಿ ಹೇಳಬಲ್ಲೆ. ಆಗ ನಾನು ತುಮಕೂರಿನಲ್ಲಿ ಬಳಪ ತಿನ್ನುವ ವಯಸ್ಸಿನಲ್ಲಿದ್ದೆ.

"ಏನೇ ಉಮಾ, ಇಷ್ಟು ಇಳಚ್ಚು ಹೋಗಿದೀಯ!" ಅತ್ತೆ ಬಾಗಿಲಲ್ಲೇ ನನ್ನ ತೋಳು ಹಿಡಿದು ಅಳೆದಳು. "ತುಮಕೂರಲ್ಲಿ ಸೋರು ಗೀರು, ಅನ್ನ ಗಿನ್ನ ಹಾಕೋದಿಲ್ವಾ ನಿಂಗೆ?"

"ದಪ್ಪ ಆಗಿದೀನಿ ಅತ್ತೆ."

"ಯಾರು ಹೇಳಿದ್ದು? ವೇಸ್ಟಿನ ಮಾತು. ಕೂತ್ಕೋ."

ಅತ್ತೆಯ ಮಾತಿನಲ್ಲಿ ತುಮಕೂರು ಬುಡದಲ್ಲಿದೆ, ಮದ್ರಾಸು ಮೇಲೆ ಹಬ್ಬಿದೆ. ಮಗಳ ಮಾತಿನಲ್ಲಿ ಬುಡವೂ ಮದ್ರಾಸೇ. ಅತ್ತೆ ಕನ್ನಡದಲ್ಲಿ ಬೈಯುತ್ತಾಳೆ, ವನಜ ತಮಿಳಿನಲ್ಲಿ ಉತ್ತರಿಸುತ್ತಾಳೆ. ನನ್ನ ಹತ್ತಿರ ಮಾತ್ರ ಕಷ್ಟಪಟ್ಟು ಕನ್ನಡಕ್ಕೆ ಬರುತ್ತಾಳೆ, ನೆಂಟರು ಬಂದಾಗ ಮಾತ್ರ ಹೊರತೆಗೆಯುವ ಬೆಳ್ಳಿಲೋಟದ ಹಾಗೆ. ಅವಳ ಗಂಡ ರೈಲ್ವೆಯವನು, ಆ ವಾರ ಊರಲ್ಲಿರಲಿಲ್ಲ.

ಕಾಫಿ ಲೋಟವನ್ನು ತುಟಿಗೆ ತಾಕಿಸದೆ ಎತ್ತಿ ಕುಡಿಯುವ ಅಲ್ಲಿಯ ಪದ್ಧತಿಯನ್ನು ಅಭ್ಯಾಸ ಮಾಡುತ್ತಾ ಅರ್ಧ ಕಾಫಿಯನ್ನು ಕುತ್ತಿಗೆಯ ಮೇಲೆ ಇಳಿಸಿಕೊಂಡಿದ್ದೆ. ಆಗ ಊದಿತು.

ಅದು ಕಿವಿಗೆ ಕೇಳಿಸುವ ಶಬ್ದವಲ್ಲ. ಎದೆಯ ಮೂಳೆಗೆ ಯಾರೋ ದಾರ ಕಟ್ಟಿ ಜಗ್ಗಿದಂತೆ. ಅತ್ತೆ ಲೋಟ ಕೆಳಗಿಟ್ಟಳು. ಎದ್ದಳು, ಚಪ್ಪಲಿ ಮೆಟ್ಟಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಾಬರಿಯಿಲ್ಲ, ಅವಸರ ಮಾತ್ರ, ಬಸ್ಸಿಗೆ ಹೊರಟವಳಂತೆ.

"ಅಮ್ಮಾ, ಎಂಗೆ ಪೋರೆ? ಪಸಂಗ ಇಳುಕ್ಕುರಾಂಗಮ್ಮಾ!" ಎಲ್ಲಿಗೆ ಹೊರಟೆ, ಮಕ್ಕಳು ಎಳೆಯುತ್ತಿರುವುದು ಎಂದು ವನಜ ಕೂಗಿದಳು. ಅತ್ತೆ ಆಗಲೇ ರಸ್ತೆಯ ನಡುವೆ ಕೈ ಅಡ್ಡ ಹಿಡಿದು ಒಂದು ನೀರಿನ ಟ್ಯಾಂಕರು ನಿಲ್ಲಿಸಿದ್ದಳು. ಗೇಟಿನ ಮುಂದೆ ಹೋಗಿ ನಿಂತಳು. ಸುಮ್ಮನೆ. ಹಳೆಯ ಕಬ್ಬಿಣದ ಗೇಟಿಗೆ ಹಳದಿ, ನೀಲಿ ಬಣ್ಣ ಬಳಿದಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕಾವಲಿನವನು ಬಂದು, "ವಾಂಗ ಪಾಟಿ, ವೀಟುಕ್ಕು ಪೋಲಾಂ" ಎಂದು ಮನೆಯವರೆಗೆ ಬಿಟ್ಟುಹೋದ. ಅಜ್ಜಿಯನ್ನು ಮನೆಗೆ ಬಿಡುವುದು ಅವನ ಕೆಲಸದಲ್ಲಿ ಒಂದಾಗಿಬಿಟ್ಟಿತ್ತು.

ಅತ್ತೆ ಕಾಫಿಯ ಉಳಿದರ್ಧ ಕುಡಿದಳು. "ಆರಿಹೋಯ್ತು" ಎಂದಳು. ಯಾಕೆ ಹೋದೆ ಎಂದು ನಾನು ಕೇಳಲಿಲ್ಲ. ನನಗೆ ಕಥೆ ಗೊತ್ತಿತ್ತಲ್ಲ. ಮುದುಕಿಯನ್ನು ದಿನಕ್ಕೆ ಇಷ್ಟು ಸಲ ವಿಧವೆ ಮಾಡುತ್ತಿದ್ದಾರೆ ಎಂದು ಹಲ್ಲು ಕಚ್ಚಿದೆ.

ದಯವಿಟ್ಟು ಮುಟ್ಟಿ

ಒಳಗೆ ಹೋದರೆ ಮೊದಲು ಕಾಣುವ ಬೋರ್ಡು: ದಯವಿಟ್ಟು ಮುಟ್ಟಿ. ತಮಿಳಿನಲ್ಲೂ ಇಂಗ್ಲಿಷಿನಲ್ಲೂ. ನಮ್ಮ ದೇಶದಲ್ಲಿ ಮುಟ್ಟಬೇಡಿ ಎನ್ನುವ ಬೋರ್ಡಿಗೆ ಎಷ್ಟು ವಯಸ್ಸಾಗಿದೆಯೆಂದರೆ, ಇದನ್ನು ಓದಿ ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು.

ಸಿಟ್ಟು ಹೊತ್ತುಕೊಂಡೇ ಹೋಗಿದ್ದೆ, ಆದ್ದರಿಂದ ಅದಕ್ಕೆ ಮೇವು ಸಿಗುವುದು ತಡವಾಗಲಿಲ್ಲ. ಕುಲುಮೆಯ ಎತ್ತರದ ಕೊಳವೆಯೊಳಗೆ ಈಗ ಫ್ಯಾನು. ಮಕ್ಕಳು ಕೆಳಗೆ ಬಣ್ಣದ ಕರವಸ್ತ್ರ ಬಿಟ್ಟರೆ ಅವು ತಿರುತಿರುಗಿ ಮೇಲೇರಿ ಮಾಡಿನ ಹತ್ತಿರ ಹೊರಬೀಳುತ್ತವೆ. ಗಾಳಿಯ ಒತ್ತಡದ ಪಾಠ. ಅದರ ಪಕ್ಕದಲ್ಲಿ, ಕರಗಿದ ಕಬ್ಬಿಣ ಹೊತ್ತು ಸಾಗುತ್ತಿದ್ದ ದೊಡ್ಡ ಬಾನಿ, ಒಳ್ಳೆಯ ಮದುವೆಮನೆಯ ಕೊಪ್ಪರಿಗೆಯ ಎರಡರಷ್ಟು. ಅದರ ತುಂಬ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕಿನ ಚೆಂಡುಗಳು. ಕರಗಿದ ಲೋಹ ಎಂದು ಭಾವಿಸಿ ಅದರೊಳಗೆ ಧುಮುಕಬೇಕು. ಧುಮುಕುತ್ತಿದ್ದರು. ಒಂದು ಮಗು ಮುಳುಗಿ, ಎರಡು ಕೈ ಮಾತ್ರ ಮೇಲೆತ್ತಿ, "ಕಾಪ್ಪಾತ್ತುಂಗ! ಕಾಪ್ಪಾತ್ತುಂಗ!" ಕಾಪಾಡಿ ಎಂದು ಕೂಗಿ ಕೇಕೆ ಹಾಕುತ್ತಿತ್ತು. ಅದರ ತಾಯಿ ಫೋನಿನಲ್ಲಿ ಹಿಡಿದುಕೊಳ್ಳುತ್ತಿದ್ದಳು.

ನಮ್ಮ ಊರಿನಲ್ಲಾದರೆ ಇಷ್ಟೂ ಮಾಡುತ್ತಿರಲಿಲ್ಲ, ಅದು ಬೇರೆ ಮಾತು. ಕಾರ್ಖಾನೆ ಮುಚ್ಚಿದರೆ ಗುಜರಿಗೆ ಹಾಕಿ, ನೆಲ ಸಮ ಮಾಡಿ, ಸೈಟು ಹಂಚಿ, ಬಡಾವಣೆಗೆ ಮಾಲೀಕನ ತಾಯಿಯ ಹೆಸರಿಡುತ್ತಾರೆ. ಅಳಿಸುವುದರಲ್ಲಿ ನಾವು ಪ್ರಾಮಾಣಿಕರು. ಇವರು ಉಳಿಸುತ್ತೇವೆ ಎಂದು ಅಳಿಸುತ್ತಾರೆ. ಯಾವುದು ಹೆಚ್ಚಿನ ಅನ್ಯಾಯ ಎಂದು ತೀರ್ಮಾನಿಸಲು ಕೂರುವ ಜಾಗ ಹುಡುಕಿದೆ.

ಸಿಕ್ಕಿದ ಕುರ್ಚಿ ಕೂರುವುದಕ್ಕಲ್ಲ, ಏರುವುದಕ್ಕೆ ಎಂದು ಕೂತ ಮೇಲೆ ತಿಳಿಯಿತು. ಮೇಲೆ ರಾಟೆಗಳು, ಕೈಗೆ ಹಗ್ಗ. ಎಳೆದರೆ ನಮ್ಮ ಭಾರವನ್ನು ನಾವೇ ಎತ್ತಿಕೊಳ್ಳಬಹುದು. ಎಳೆದೆ. ಏರಿದೆ! ಮೈಯಲ್ಲಿ ಭಾರವೇ ಇಲ್ಲದಂತೆ, ಬಾವಿಯಿಂದ ಬರುವ ಖಾಲಿ ಕೊಡದಂತೆ ಏರಿದೆ. ನನಗೆ ನಗು ಬಂತು. ಜೋರಾಗಿಯೇ ನಕ್ಕೆ. ಆಮೇಲೆ ಹಗ್ಗ ಎಲ್ಲೋ ಸಿಕ್ಕಿಕೊಂಡಿತು. ಇಳಿಯಲು ಬಾರದೆ ತೂಗಾಡುತ್ತಿದ್ದ ನನ್ನನ್ನು ಶಾಲಾಮಕ್ಕಳ ಒಂದು ಸಾಲು ಇನ್ನೊಂದು ಪ್ರಯೋಗವೆಂದು ತಿಳಿದು ನೋಡುತ್ತಾ ನಿಂತಿತು. ಅವರ ಟೀಚರು ಬಂದು ಬಿಡಿಸಿದರು. ಸಿಟ್ಟಿನ ನಡುವೆ ಹೀಗೆ ಸಂತೋಷವಾಗಿಬಿಟ್ಟದ್ದು ನನ್ನ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

ಸಂಗು ಹಿಂದಿನ ಅಂಗಳದಲ್ಲಿತ್ತು. ಅದು ಮಾಡಿನ ಮೇಲೆ, ಅದರ ಸರಪಳಿ ಕೆಳಗೆ, ತುದಿಗೆ ಮಕ್ಕಳ ಕೈಗೆ ಹಿತವಾಗಲೆಂದು ಹಸಿರು ರಬ್ಬರು. ಪಕ್ಕದಲ್ಲಿ ಮೀಸೆಯ ಶಂಖವೊಂದರ ಚಿತ್ರ, ಕಣ್ಣು ಮಿಟುಕಿಸುತ್ತಾ: ಎಳೆಯಿರಿ! ಕೇಳಿರಿ! ಶಬ್ದವೆಂದರೆ ನಡುಗುವ ಗಾಳಿ! ಒಂದು ತಂಡಕ್ಕೆ ಒಬ್ಬರಂತೆ ಎಳೆಯಬಹುದು. ಯಾರು ಎಂದು ತೀರ್ಮಾನಿಸಲು ಮಕ್ಕಳು ಜಗಳವಾಡುತ್ತಿದ್ದರು.

ನಾನು ನೇರ ಕಚೇರಿಗೆ ಹೋದೆ. ಅಲ್ಲಿಯ ಮುಖ್ಯಸ್ಥ ಅರವಿಂದನ್ ಎಂಬ ಯುವಕ. ಅಂಗಿಯ ತೋಳು ಮಡಚಿದ್ದ, ಬೆರಳಿಗೆಲ್ಲ ಅಂಟು ಮೆತ್ತಿತ್ತು, ಏನನ್ನೋ ಕೈಯಾರೆ ರಿಪೇರಿ ಮಾಡುತ್ತಿದ್ದ. ನಾವು ಇಂಗ್ಲಿಷಿನಲ್ಲಿ ಮಾತಾಡಿದೆವು, ಇಬ್ಬರದೂ ಅಲ್ಲದ ಭಾಷೆಯಲ್ಲಿ ಜಗಳವಾಡುವುದು ಸುಲಭ. ಹೊತ್ತಲ್ಲದ ಹೊತ್ತಿನ ಸಂಗಿನ ಅರ್ಥವೇನೆಂದು ಅವನಿಗೆ ಹೇಳಿದೆ. ರಸ್ತೆಯಾಚೆ ಒಬ್ಬ ಹೆಂಗಸಿಗೆ ಅದು ನಡುಗುವ ಗಾಳಿಯಲ್ಲ ಎಂದೆ. ಹಿಟ್ಟಿನ ಕೈಯನ್ನೂ ಹೇಳಿದೆ. ಹೇಳುವಾಗ ನನ್ನ ಬೆರಳುಗಳು ಅಪ್ಪನಂತೆಯೇ ಗಾಳಿಯಲ್ಲಿ ಅಗಲಿದವು.

"ಶುರು ಮಾಡುವ ಮೊದಲು ಬೀದಿಯವರನ್ನು ಕರೆದು ಕೇಳಿದ್ದೆವು ಮೇಡಂ" ಎಂದ ಅವನು. "ಎಲ್ಲರಿಗೂ ಖುಷಿಯಾಗಿತ್ತು. ಹಳೆಯ ದಿನಗಳು ವಾಪಸು ಬಂದಂತಾಯಿತು ಅಂದರು."

"ಹಳೆಯ ದಿನ ವಾಪಸು ಬರಲಿ ಅಂತ ಅವಳು ಕೇಳಿಲ್ಲ. ಹಳೆಯ ದಿನದಲ್ಲಿ ಅವಳ ಗಂಡ ಸತ್ತಿದಾನೆ."

ನನ್ನ ದನಿ ಎಷ್ಟು ಏರಿತ್ತೆಂದರೆ ಹೊರಗೆ ಸೋಪಿನ ಗುಳ್ಳೆ ಬಿಡುತ್ತಿದ್ದ ಮಕ್ಕಳು ತಿರುಗಿ ನೋಡಿದರು. ಅವನು ವಾದ ಮಾಡಲಿಲ್ಲ. ಅಂಟು ಕೈ ಒರೆಸಿಕೊಂಡು, "ಕ್ಷಮಿಸಿ. ನಾಳೆಯಿಂದ ಊದುವುದಿಲ್ಲ. ಇಯರ್‌ಫೋನಿನಲ್ಲಿ ಕೇಳುವ ಹಾಗೆ ಮಾಡುತ್ತೇನೆ" ಎಂದ.

ಇಷ್ಟು ಸುಲಭವಾಗಿ ಗೆದ್ದುಬಿಟ್ಟರೆ ಉಳಿದ ಸಿಟ್ಟನ್ನು ಏನು ಮಾಡುವುದು?

ತ್ರಿಪ್ಲಿಕೇನ್

ಗೆದ್ದ ಖುಷಿಗೆ ಒಬ್ಬಳೇ ತ್ರಿಪ್ಲಿಕೇನಿಗೆ ಹೋಗಿ ಮೆಸ್ಸೊಂದರಲ್ಲಿ ಊಟಕ್ಕೆ ಕೂತೆ. ಅಲ್ಲಿ ಉಣ್ಣುವವರ ಬೆನ್ನ ಹಿಂದೆ ಮುಂದಿನ ಸರದಿಯವರು ನಿಂತಿರುತ್ತಾರೆ. ನಮ್ಮ ಮಜ್ಜಿಗೆಯನ್ನವನ್ನು ನಮಗಿಂತ ಹೆಚ್ಚು ಗಮನವಿಟ್ಟು ನೋಡುತ್ತಾರೆ. ಬಡಿಸುವವನು, "ಇನ್ನೇನು ಬೇಕು?" ಎಂದು ಕೇಳುವುದಿಲ್ಲ. "ಪೋದುಮಾ?" ಸಾಕಾ ಎಂದು ಕೇಳುತ್ತಾನೆ. ಬೆನ್ನಿಗೆ ಅಷ್ಟು ಕಣ್ಣು ಅಂಟಿರುವಾಗ ಸಾಕು ಎನ್ನದೆ ವಿಧಿಯಿಲ್ಲ. ನಾನು ಸಾಕೆಂದು ಎದ್ದೆ. ಅರ್ಧ ಹೊಟ್ಟೆ, ಪೂರ್ತಿ ಹೆಮ್ಮೆ. ಮರೀನಾದ ಮರಳಿನಲ್ಲಿ ನಡೆಯುತ್ತಾ ಈ ಲೇಖನದ ಕೊನೆಯ ಸಾಲನ್ನು ಮನಸ್ಸಿನಲ್ಲೇ ಬರೆದುಬಿಟ್ಟೆ. ಒಬ್ಬ ವೃದ್ಧೆ, ಒಂದು ಮೌನ, ಇಂಥದ್ದೇನೋ. ಚೆಂದವಾಗಿತ್ತು. ಚೆಂದವಾಗಿದ್ದುದರಿಂದಲೇ ಅನುಮಾನಪಡಬೇಕಿತ್ತು.

ಅಡುಗೆಮನೆ

ಮರುದಿನ ಸಂಗು ಊದಲಿಲ್ಲ.

ಬೆಳಗಿನ ತಂಡದ ಬಸ್ಸುಗಳು ಬಂದವು, ಹೋದವು. ವನಜ ನನ್ನ ಕಡೆ ನೋಡಿ ನಕ್ಕಳು. ಅತ್ತೆ ನುಗ್ಗೆಸೊಪ್ಪು ಬಿಡಿಸುತ್ತಾ ಕೂತಿದ್ದಳು. ಮಧ್ಯಾಹ್ನವಾಯಿತು. ಅತ್ತೆ ಎದ್ದು ಕಿಟಕಿಯಲ್ಲಿ ನೋಡಿ ಮತ್ತೆ ಕೂತಳು. ಇನ್ನೊಂದು ಸಲ ಎದ್ದಳು. ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆಯಲ್ಲೇ ನಿಂತಳು. ಚಪ್ಪಲಿ ಹಾಕಿಕೊಂಡು ಅವಳು ಅಡುಗೆಮನೆಗೆ ಕಾಲಿಟ್ಟಿದ್ದನ್ನು ತಾನು ಹುಟ್ಟಿದಾಗಿನಿಂದ ನೋಡಿಲ್ಲ ಎಂದು ವನಜ ಆಮೇಲೆ ಹೇಳಿದಳು.

"ಯಾಕೆ ಇವತ್ತು ಊದಲಿಲ್ಲ?"

"ಇನ್ಮೇಲೆ ಊದಲ್ಲ ಅತ್ತೆ. ನಾನು ಹೋಗಿ ನಿಲ್ಲಿಸಿ ಬಂದೆ" ಎಂದೆ. ಬಹುಮಾನ ಕೊಡುವವಳ ದನಿಯಲ್ಲಿ.

ಅತ್ತೆ ನನ್ನನ್ನು ನೋಡಿದಳು. "ನಿಂಗ್ಯಾರು ಹೇಳಿದ್ದು?"

"ವನಜ... ಅಲ್ಲ, ನಿಮಗೆ ಪ್ರತಿ ಸಲ ಆ ದಿನ ನೆನಪಾಗಿ..."

"ಯಾವ ದಿನ?"

"ಮಾವ ಹೋದ ದಿನ. ಸಂಗು ಊದಿ, ನೀವು ಹಿಟ್ಟಿನ ಕೈಲಿ..."

"ಯಾವ ಹಿಟ್ಟೇ?" ಅತ್ತೆ ಕೂಗಿದಳು. ಅವಳು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಅವತ್ತು ಅನ್ನ, ಮೆಣಸಿನ ಸಾರು. ಮಗು ಇತ್ತು, ನಂಗೆ ಪಥ್ಯ. ಹಿಟ್ಟು ನಿಮ್ಮಪ್ಪ ಕಲಸಿದ್ದು. ಅವನು ಬಂದಿದ್ದು ಮೂರನೇ ದಿನ. ಅವನಿಗೇನು ತಿಳಿಯುತ್ತೆ, ಸುಣ್ಣ ತಿಳಿಯುತ್ತೆ!"

"ಆದರೆ ಸಂಗು..."

"ಊದಲಿಲ್ಲ."

ವನಜ ಒಲೆ ಆರಿಸಿದಳು.

"ಊದಲಿಲ್ಲ ಕಣೇ ಅವತ್ತು. ಕ್ರೇನಿನ ಚೈನು ಹರಿದು ಅವರ ಮೇಲೆ ಬಿದ್ದಾಗ ಇನ್ನೂ ಪಾಳಿ ಅರ್ಧ ಇತ್ತು. ಕಬ್ಬಿಣ ಕರಗಿ ರೆಡಿ ಇತ್ತು. ಸಂಗು ಊದಿದ್ರೆ ಎಲ್ಲರೂ ಕೈಬಿಟ್ಟು ನಿಲ್ಲಬೇಕು. ನಿಂತ್ರೆ ಕಬ್ಬಿಣ ಬಾನೀಲೇ ಗಟ್ಟಿ ಆಗೋಗುತ್ತೆ. ಅದಕ್ಕೆ ಮೇಲಿನವರು ಊದಬೇಡಿ ಅಂದ್ರು. ಇವರಿಗೆ ಗೋಣಿ ಮುಚ್ಚಿ ಪಕ್ಕಕ್ಕೆ ಇಟ್ಟು ಪೂರ್ತಿ ಎರಕ ಹೊಯ್ದ್ರು. ಆಮೇಲೆ ಟೈಮಿಗೆ ಸರಿಯಾಗಿ ಊದ್ತು. ನಾನು ತಟ್ಟೆ ಇಟ್ಟೆ. ಬೀದೀಲಿ ಎಲ್ಲರ ಗಂಡಂದಿರೂ ಬಂದ್ರು. ಇವರು ಬರಲಿಲ್ಲ. ನಾನು ಮಗೂಗೆ ಹಾಲು ಕೊಡ್ತಾ, ಎಲ್ಲೋ ಟೀಗೆ ನಿಂತಿದಾರೆ ಅಂತ ಬೈಕೊಂಡು ಕೂತಿದ್ದೆ."

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಗೇಟಲ್ಲಿ ಯಾರೂ ನಿಲ್ಲಲಿಲ್ಲ ಅವರಿಗೆ. ನಾನೂ ನಿಲ್ಲಲಿಲ್ಲ. ಆಮೇಲೂ ಕಾರ್ಖಾನೆ ಮುಚ್ಚೋವರೆಗೂ ಊದ್ತಾನೇ ಇತ್ತು, ಟೈಮಿಗೆ ಟೈಮಿಗೆ, ಟೈಮಿಗೆ ಟೈಮಿಗೆ. ಈಗ ಈ ಮಕ್ಕಳು ಬಂದು ಹೊತ್ತಲ್ಲದ ಹೊತ್ತಲ್ಲಿ ಎಳೀತಾವೆ. ನಂಗೆ ಬುದ್ಧಿ ಕೆಟ್ಟಿಲ್ಲ ಉಮಾ. ಮಕ್ಕಳು ಎಳೆಯೋದು ಅಂತ ಗೊತ್ತು. ಗೊತ್ತಿದ್ರೆ ಹೋಗಿ ನಿಲ್ಲಬಾರದಾ?"

"ಅತ್ತೆ, ನಾನು..."

"ಅವತ್ತು ಅವರು ನಿಲ್ಲಿಸಿದ್ರು. ಇವತ್ತು ನೀನು ನಿಲ್ಲಿಸಿದೆ." ಚಪ್ಪಲಿ ಬಿಟ್ಟಳು. ಒಂದು ಇತ್ತ ಬಿತ್ತು, ಒಂದು ಒಲೆಯ ಹತ್ತಿರ. "ವನಜಾ, ಪಾತ್ರೆ ಕಟ್ಟು. ತಾಂಬರಕ್ಕೇ ಹೋಗೋಣ. ಅದು ಊದಲ್ಲ ಅಂದ್ಮೇಲೆ ಈ ಬೀದೀಲಿ ನಂಗೇನು ಕೆಲಸ?"

ವನಜ ಇಷ್ಟು ದಿನ ಬೇಡಿದ್ದು ಕೈಗೆ ಬಂದಿತ್ತು. ಅವಳು ಗೋಡೆಗೆ ಒರಗಿ ನಿಂತು ಅಳುತ್ತಿದ್ದಳು. ತಾಯಿ ಇದನ್ನು ಅವಳಿಗೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಅವಳು ತಮಿಳಿನಲ್ಲಿ ಕೇಳಿದಳು. "ನೀವೆಲ್ಲ ಹಿಟ್ಟಿನ ಕಥೆ ಅಷ್ಟು ಇಷ್ಟಪಡ್ತಿದ್ರಲ್ಲ" ಎಂದಳು ಅತ್ತೆ.

ಮತ್ತೆ ಅದೇ ಕಚೇರಿ

ಮಾರನೆಯ ಬೆಳಗ್ಗೆ ಹೋದಾಗ ಅರವಿಂದನ್ ನನ್ನನ್ನು ಕಂಡು ಎದ್ದು ನಿಂತ. ಭಯದಿಂದ ಇರಬೇಕು.

"ಊದಬೇಕು" ಎಂದೆ.

"ಮೇಡಂ, ಮೊನ್ನೆ ನೀವೇ..."

"ಮೊನ್ನೆ ನನಗೆ ಗೊತ್ತಿರಲಿಲ್ಲ. ಸುಳ್ಳು ಕಥೆ ಹೇಳಿದೆ." ನಿಜವನ್ನು ಹೇಳಿದೆ. ನಿಜ ಎನ್ನುವಾಗ ನಾಲಿಗೆ ತಡವರಿಸಿತು. ಅತ್ತೆಯ ಮಾತೂ ಒಬ್ಬಳ ನೆನಪೇ ತಾನೇ? ಅದರಲ್ಲೂ ಎಲ್ಲೋ ಹಿಟ್ಟು ಬೆರೆತಿರಬಹುದು. ಆದರೆ ಅಪ್ಪನ ಕಥೆಯಲ್ಲಿ ಎಲ್ಲರೂ ಒಳ್ಳೆಯವರಾಗಿದ್ದರು: ಕಾರ್ಖಾನೆ ಊದಿತ್ತು, ಬೀದಿ ಓಡಿಬಂದಿತ್ತು. ಅತ್ತೆಯದರಲ್ಲಿ ಯಾರಿಗೂ ಲಾಭವಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ. ನಾನು ಅದನ್ನು ನಂಬಲು ಇಷ್ಟು ಸಾಕು.

ಅವನು ಕೈಯಲ್ಲಿದ್ದ ಅಂಟಿನ ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ ಕೇಳಿದ: "ಆ ದಿನ ಊದಲಿಲ್ಲ ಅನ್ನುವುದಕ್ಕೆ ದಾಖಲೆ ಏನಾದರೂ ಇದೆಯೇ? ಇದ್ದರೆ ಬೋರ್ಡಿನಲ್ಲಿ ಸೇರಿಸಬಹುದಿತ್ತು."

"ಊದದೇ ಇದ್ದುದಕ್ಕೆ ದಾಖಲೆ ಎಲ್ಲಿ ಸಿಗುತ್ತದೆ? ಊದಬೇಡಿ ಅಂದವರು ಬರೆದಿಟ್ಟಿರುತ್ತಾರೆಯೇ?"

"ತಪ್ಪು ತಿಳಿಯಬೇಡಿ. ನಮ್ಮಲ್ಲಿ ನೆನಪಿನ ಗೋಡೆ ಅಂತ ಒಂದಿದೆ. ಹಳೆಯ ಕೆಲಸಗಾರರ ದನಿ ಇಟ್ಟಿದ್ದೇವೆ. ಗುಂಡಿ ಒತ್ತಿದರೆ ಚಿಕ್ಕದಾಗಿ ಹೇಳುತ್ತಾರೆ. ನಿಮ್ಮ ಅತ್ತೆಯವರದನ್ನೂ..."

ಗುಂಡಿ ಒತ್ತಿದರೆ! ಈಗಾಗಲೇ ಕರಗಿದ ಕಬ್ಬಿಣವನ್ನು ಚೆಂಡು ಮಾಡಿದವರು ಅತ್ತೆಯನ್ನು ಗುಂಡಿ ಮಾಡಲು ಹೊರಟಿದ್ದರು. ನಾನು ಏನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ. ಅರ್ಧ ಕನ್ನಡದಲ್ಲಿತ್ತು, ಅವನಿಗೆ ತಿಳಿದಿರಲಾರದು. ಮುಖ ನೋಡಿದರೆ ತಿಳಿದಂತಿತ್ತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ನೀವು ಹೇಳಿದ್ದನ್ನು ಹಿಡಿದಿಟ್ಟುಕೊಳ್ಳುತ್ತಾರಂತೆ, ಗೋಡೆಯಲ್ಲಿ ಇಡುತ್ತಾರಂತೆ ಎಂದೆ.

"ನಾನು ಹೇಳಲ್ಲ" ಎಂದಳು ಅತ್ತೆ. "ಎಳೀತೀನಿ."

ಗೇಟು

ಆಮೇಲೆ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸಂಗನ್ನು ಮತ್ತೆ ಜೋಡಿಸಿದರು. ತಂಡಕ್ಕೊಂದು ಮಗು ಈಗಲೂ ಎಳೆಯುತ್ತದೆ. ತಾಂಬರದ ಮನೆಗೆ ವನಜ ಬೇಡವೆಂದಳು. ಅತ್ತೆ ಒಮ್ಮೊಮ್ಮೆ ಗೇಟಿಗೆ ಹೋಗುತ್ತಾಳೆ, ಒಮ್ಮೊಮ್ಮೆ ಸೊಪ್ಪು ಬಿಡಿಸುತ್ತಾ ಕೂತೇ ಇರುತ್ತಾಳೆ. ಯಾವಾಗ ಹೋಗುತ್ತಾಳೆ, ಯಾವಾಗ ಇಲ್ಲ ಎಂಬುದಕ್ಕೆ ನಿಯಮ ಸಿಕ್ಕಿಲ್ಲ ಎಂದು ವನಜ ಫೋನಿನಲ್ಲಿ ಹೇಳಿದಳು. ಹೋಗುವಾಗ ಅವಳೂ ಜೊತೆಗೆ ಹೋಗುತ್ತಾಳೆ, ಟ್ಯಾಂಕರು ನಿಲ್ಲಿಸಲು. ಮೀಸೆಯ ಶಂಖದ ಬೋರ್ಡು ಹಾಗೇ ಇದೆ. ಕಿತ್ತಳೆ ಚೆಂಡುಗಳೂ ಇವೆ. ನನ್ನ ಸಿಟ್ಟು ಯಾವುದನ್ನೂ ಕರಗಿಸಲಿಲ್ಲ.

ಸಂಗು ಮತ್ತೆ ಜೋಡಿಸಿದ ದಿನ ಬೆಳಗ್ಗೆ ಮಕ್ಕಳು ಬರುವ ಮೊದಲೇ ಅರವಿಂದನ್ ನಮ್ಮನ್ನು ಒಳಗೆ ಬಿಟ್ಟ. ಅತ್ತೆಯ ಮಾತನ್ನು ಅವನಿಗೆ ಮುಟ್ಟಿಸಿದಾಗ, ಜೋಡಿಸಿದ ಮೇಲೆ ಹೇಗೂ ಒಮ್ಮೆ ಊದಿ ನೋಡಬೇಕು, ಪಾಟಿಯೇ ಊದಲಿ ಎಂದಿದ್ದ. ಅತ್ತೆ ಇಷ್ಟು ವರ್ಷದಲ್ಲಿ ಆ ಗೇಟಿನ ಒಳಗೆ ಕಾಲಿಡುತ್ತಿದ್ದುದು ಅದೇ ಮೊದಲು. ಸುತ್ತ ನೋಡಲಿಲ್ಲ. ಬಾನಿಯ ಪಕ್ಕದಲ್ಲಿ ಹಾದಳು, ಚೆಂಡು ಕಣ್ಣಿಗೆ ಬಿದ್ದಿರಬೇಕು, ನಿಲ್ಲಲಿಲ್ಲ. ಮೇಲೆ ಕ್ರೇನಿನ ಕೊಕ್ಕೆಗೆ ಲೋಲಕ ಕಟ್ಟಿ ತೂಗಬಿಟ್ಟಿದ್ದರು. ಅದರ ಕೆಳಗೆ ಬಂದಾಗ ಮಾತ್ರ ಬಳಸಿಕೊಂಡು ಹೋದಳು. ಮಾವ ಬಿದ್ದದ್ದು ಅಲ್ಲೇ ಎಂದು ಅವಳಿಗೆ ಯಾರೂ ತೋರಿಸಿರಲಿಲ್ಲ, ಅಲ್ಲವೂ ಇರಬಹುದು.

ಸರಪಳಿಯ ಹಸಿರು ರಬ್ಬರನ್ನು ಅತ್ತೆ ಹಿಡಿಯಲಿಲ್ಲ. ಅದರ ಮೇಲಿನ ಕಬ್ಬಿಣವನ್ನು ಹಿಡಿದಳು. "ಮೆದುವಾ ಪಾಟಿ, ಚಿಕ್ಕದಾಗಿ ಒಂದು ಎಳೆತ ಸಾಕು" ಎಂಬರ್ಥದಲ್ಲಿ ಅರವಿಂದನ್ ಏನೋ ಹೇಳುತ್ತಿದ್ದ. ಅತ್ತೆ ಎಳೆದಳು.

ಬಿಡಲಿಲ್ಲ.

ಮಾಡಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಗಾಜಿನ ಪೆಟ್ಟಿಗೆಗಳು ಗುಂಯ್ ಎಂದವು. ಅತ್ತೆ ಇಡೀ ಮೈಭಾರವನ್ನು ಸರಪಳಿಗೆ ಬಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ, ಬಾವಿಯಲ್ಲಿ ಬಿದ್ದದ್ದನ್ನು ಮೇಲೆ ತರುವವಳಂತೆ ಹಿಂದಕ್ಕೆ ವಾಲಿದ್ದಳು. ಮುಖದಲ್ಲಿ ದುಃಖ ಹುಡುಕಿದೆ. ಇರಲಿಲ್ಲ. ಹಲ್ಲು ಕಚ್ಚಿದ್ದಳು. ಶುದ್ಧ ಕೋಪ, ನನ್ನದರ ಹಾಗೆ ಮಾತಾಗಿ ಪೋಲಾಗದೆ ಇಷ್ಟು ವರ್ಷ ಒಂದೇ ಕಡೆ ಕೂತಿದ್ದ ಕೋಪ. ಅರವಿಂದನ್ ಕೈ ಮುಂದೆ ಮಾಡಿದ. ವನಜ ಅವನ ಕೈಗೆ ಹೊಡೆದಳು.

ಕೊನೆಗೆ ಒಳಗಿನ ಗಾಳಿ ತೀರಿ ಸಂಗು ತಾನಾಗಿ ಕುಗ್ಗಿತು. ಮುಪ್ಪಿನ ಮೇಕೆಯಂತೆ ಕೆಮ್ಮಿ ನಿಂತಿತು. ಅತ್ತೆ ಸರಪಳಿ ಬಿಟ್ಟು, ಅಂಗೈಯ ತುಕ್ಕನ್ನು ಸೀರೆಗೆ ಒರೆಸಿಕೊಂಡು, ಬಂದ ದಾರಿಯಲ್ಲೇ ಹೊರಟಳು.

ಗೇಟಿನ ಹೊರಗೆ ಹೆಂಗಸರು ನಿಂತಿದ್ದರು.

ಬೀದಿಯೇ ಬಂದಿತ್ತು ಎಂದು ಬರೆದರೆ ಅಪ್ಪನ ಹಿಟ್ಟಿನ ಕೈಯಾಗುತ್ತದೆ. ಬೆರಳಲ್ಲಿ ಮುಗಿಯುವಷ್ಟು ಮಂದಿ ಇದ್ದರು. ಒಬ್ಬಳ ಕೈಯಲ್ಲಿ ಹಾಲಿನ ಪ್ಯಾಕೆಟ್ಟಿತ್ತು, ಅವಳು ಸುಮ್ಮನೆ ಆ ದಾರಿಯಲ್ಲಿ ಹೋಗುತ್ತಿದ್ದವಳೂ ಇರಬಹುದು. ಇನ್ನೊಬ್ಬಳು ನೈಟಿಯ ಮೇಲೆ ಟವಲು ಹೊದ್ದಿದ್ದಳು. ಎಲ್ಲರೂ ಮುದುಕಿಯರು. ಮಕ್ಕಳ ಚಿಟಿಕೆ ಎಳೆತಕ್ಕೆ ಇಷ್ಟು ದಿನ ಮನೆಯಿಂದ ಹೊರಬರದಿದ್ದವರು ಈ ಉದ್ದನೆಯ ಕೂಗಿಗೆ ಬಂದಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಹೆಸರು ಗೊತ್ತಾಗುವವರೆಗೆ ಮಾತಾಡುವಂತಿಲ್ಲವಲ್ಲ.

ಟವಲು ಹೊದ್ದವಳು ಗೇಟಿನ ಸರಳು ಹಿಡಿದು ಅತ್ತೆಯನ್ನು ಕೇಳಿದಳು: "ಯಾರುಕ್ಕು?"

ಯಾರಿಗೆ?

ಅತ್ತೆ ಸರಳಿನ ಈಚೆ ನಿಂತಳು. ಉಸಿರು ಇನ್ನೂ ಏರಿಳಿಯುತ್ತಿತ್ತು.

"ಎಂಗ ವೀಟುಕ್ಕಾರರುಕ್ಕು" ಎಂದಳು. ನಮ್ಮ ಮನೆಯವರಿಗೆ.

ಆ ಹೆಂಗಸು ಯಾವಾಗ ಎಂದು ಕೇಳಲಿಲ್ಲ. ಗೇಟು ತಳ್ಳಿಕೊಂಡು ಒಳಗೆ ಬಂದು ಅತ್ತೆಯ ತೋಳು ಹಿಡಿದಳು.